ನಿಯಮ ಗೊತ್ತಿದೆ, ವಾಕ್ಯ ತಪ್ಪುತ್ತದೆ

ಇಂಗ್ಲಿಷ್ ಉತ್ತರಪತ್ರಿಕೆ ತಿದ್ದುವವರಿಗೆ ಒಂದು ವಿಚಿತ್ರ ಚೆನ್ನಾಗಿ ಗೊತ್ತು. ‘ಬಿಟ್ಟ ಸ್ಥಳ ತುಂಬಿ’ ಎಂಬಲ್ಲಿ ಕ್ರಿಯಾಪದದ ಸರಿಯಾದ ರೂಪ ಬರೆದ ಹುಡುಗಿಯೇ ಎರಡು ಪುಟದಾಚೆ ಪತ್ರಲೇಖನದಲ್ಲಿ ಅದೇ ರೂಪವನ್ನು ಕೆಡಿಸಿರುತ್ತಾಳೆ. ನಿಯಮವೇನು ಎಂದು ಕೇಳಿದರೆ ತಡವರಿಸದೆ ಹೇಳಬಲ್ಲಳು. ನಿಯಮ ಬೇಕಾದ ಜಾಗದಲ್ಲಿ ಅದು ಕೈಗೆ ಬರುವುದಿಲ್ಲ. ಇದಕ್ಕೆ ನಮ್ಮಲ್ಲಿ ಸಿದ್ಧವಾಗಿರುವ ವಿವರಣೆ ‘ಗ್ರಾಮರ್ ಬುನಾದಿ ಗಟ್ಟಿಯಿಲ್ಲ’ ಎಂಬುದು. ಸಿದ್ಧವಾಗಿರುವ ಪರಿಹಾರಗಳು ಎರಡು: ಇನ್ನಷ್ಟು ನಿಯಮ ಕಲಿಸುವ ಟ್ಯೂಷನ್ನು, ಇಲ್ಲವೇ ಮಗುವನ್ನು ಒಂದನೇ ತರಗತಿಯಿಂದಲೇ ಕಾನ್ವೆಂಟಿಗೆ ಹಾಕುವುದು. ಕಲಿಕೆ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದಿರುವ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ವಿವರಣೆಯೂ ಎರಡೂ ಪರಿಹಾರಗಳೂ ಗುರಿ ತಪ್ಪಿವೆ ಎನಿಸುತ್ತದೆ. ಕೊರತೆ ಇರುವುದು ನಿಯಮದ ತಿಳಿವಳಿಕೆಯಲ್ಲಲ್ಲ, ಅಭ್ಯಾಸವನ್ನು ಜೋಡಿಸಿರುವ ರೀತಿಯಲ್ಲಿ.

ಮೊದಲು ತಪ್ಪುಗಳನ್ನೇ ನೋಡಬೇಕು, ಏಕೆಂದರೆ ಅವೆಲ್ಲ ಒಂದೇ ಜಾತಿಯವಲ್ಲ. ಕನ್ನಡದಲ್ಲಿ ಯೋಚಿಸುವವರು ‘ನಿನ್ನೆ ಬಂದಿದ್ದೆ’ ಎನ್ನುವುದನ್ನು ‘ಐ ಹ್ಯಾಡ್ ಕಮ್ ಎಸ್ಟರ್ಡೇ’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ‘ಬಂದಿದ್ದೆ’ ಎನ್ನಲು ಅದರ ನಂತರ ಇನ್ನೊಂದು ಘಟನೆ ನಡೆದಿರಬೇಕಾಗಿಲ್ಲ, ಇಂಗ್ಲಿಷಿನಲ್ಲಿ ನಡೆದಿರಬೇಕು. ‘ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ’ ಎಂಬಲ್ಲಿ ಪ್ರಶ್ನೆಯ ಪದಕ್ರಮ ಕನ್ನಡದಲ್ಲಿ ಬದಲಾಗದ್ದರಿಂದ ‘ಐ ಡೋಂಟ್ ನೋ ವೇರ್ ಈಸ್ ಹಿ’ ಹುಟ್ಟುತ್ತದೆ. ‘ಎ’ ಮತ್ತು ‘ದಿ’ಗಳ ಗೊಂದಲಕ್ಕೂ ಇಂಥದೇ ಮೂಲವಿದೆ. ‘ಪುಸ್ತಕ ಓದಿದೆ’, ‘ಪುಸ್ತಕವನ್ನು ಓದಿದೆ’ ಎಂಬ ವ್ಯತ್ಯಾಸದಲ್ಲಿ ನಾವು ವಿಭಕ್ತಿಯಿಂದ ಸೂಚಿಸುವುದನ್ನು ಇಂಗ್ಲಿಷಿನವರು ನಾಮಪದದ ಮೊದಲು ಪುಟ್ಟ ಪದ ಇಟ್ಟು ಸೂಚಿಸುತ್ತಾರೆ. ಇವನ್ನೆಲ್ಲ ಕನ್ನಡದ ಪ್ರಭಾವ ಎನ್ನಬಹುದು. ಆದರೆ ‘ಹಿ ಗೋ ಟು ಸ್ಕೂಲ್’ ಎಂದು ‘ಎಸ್’ ಬಿಡುವುದನ್ನು ಕನ್ನಡದ ತಲೆಗೆ ಕಟ್ಟಲಾಗದು. ಬರುತ್ತೇನೆ, ಬರುತ್ತೀಯ, ಬರುತ್ತಾನೆ, ಬರುತ್ತಾಳೆ, ಬರುತ್ತದೆ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದವನ್ನು ತಿರುಗಿಸುವುದು ನಮಗೆ ತೊಟ್ಟಿಲಿನಿಂದ ಬಂದ ವಿದ್ಯೆ. ಹೈಡಿ ಡ್ಯೂಲೆ ಮತ್ತು ಮರೀನಾ ಬರ್ಟ್ 1974ರಲ್ಲಿ ಸ್ಪ್ಯಾನಿಷ್ ಮತ್ತು ಚೀನೀ ಮನೆಮಾತಿನ ಮಕ್ಕಳು ಇಂಗ್ಲಿಷ್ ಕಲಿಯುವುದನ್ನು ಹೋಲಿಸಿದಾಗ, ಮನೆಮಾತು ಬೇರೆಯಾದರೂ ಪ್ರತ್ಯಯಗಳು ಬಾಯಿಗೆ ಬರುವ ಕ್ರಮ ಬಹುತೇಕ ಒಂದೇ ಎಂದು ಕಂಡರು. ‘ಇಂಗ್’ ಬೇಗ ಬರುತ್ತದೆ, ಈ ‘ಎಸ್’ ತೀರ ತಡವಾಗಿ ಬರುತ್ತದೆ. ಮನೆಮಾತಿನ ಪ್ರಭಾವ ಅವರೆಣಿಸಿದ್ದಕ್ಕಿಂತ ಹೆಚ್ಚೇ ಇದೆ ಎಂದು ಮುಂದಿನ ಸಂಶೋಧಕರು ತಿದ್ದಿದರು, ವಿಶೇಷವಾಗಿ ‘ಎ’, ‘ದಿ’ಗಳ ವಿಷಯದಲ್ಲಿ. ಆದರೂ ‘ಎಸ್’ ತಡವಾಗುತ್ತದೆ ಎಂಬುದು ಉಳಿದಿದೆ. ಕಾರಣ ಸರಳ: ‘ಹಿ’ ಎಂದಮೇಲೆ ‘ಎಸ್’ ಹೊಸದೇನನ್ನೂ ಹೇಳುವುದಿಲ್ಲ, ಕೇಳುವವರು ಅದಿಲ್ಲದೆಯೂ ಅರ್ಥಮಾಡಿಕೊಳ್ಳುತ್ತಾರೆ. ಅರ್ಥಕ್ಕೆ ಬೇಡವಾದದ್ದನ್ನು ಮನಸ್ಸು ಗಮನಿಸುವುದಿಲ್ಲ. ಐದನೇ ತರಗತಿಯ ಮಗು ‘ಎಸ್’ ಬಿಟ್ಟಿತೆಂದು ಬೆತ್ತ ಹುಡುಕುವ ಮೊದಲು ಇದು ನೆನಪಿರಬೇಕು.

ಕರ್ನಾಟಕದಲ್ಲಿ ಇಂಗ್ಲಿಷಿನ ಚರ್ಚೆಗೆ ಬರವಿಲ್ಲ. 1981ರ ಗೋಕಾಕ್ ವರದಿ, ಮರುವರ್ಷದ ಚಳವಳಿ, 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದದ್ದು, ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂಬ 2014ರ ಸುಪ್ರೀಂ ಕೋರ್ಟ್ ತೀರ್ಪು, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು. ಬಹುತೇಕ ಜಗಳ ‘ಯಾವಾಗಿಂದ’ ಮತ್ತು ‘ಯಾವ ಮಾಧ್ಯಮದಲ್ಲಿ’ ಎಂಬುದರ ಮೇಲೆ. ‘ಹೇಗೆ’ ಎಂಬ ಪ್ರಶ್ನೆ ಬೀದಿಗೂ ಬರಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಆದರೆ ಆ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದ, ಪ್ರಪಂಚದ ಭಾಷಾಶಿಕ್ಷಣದ ಪುಸ್ತಕಗಳಲ್ಲೆಲ್ಲ ಉಲ್ಲೇಖವಾಗುವ ಒಂದು ಪ್ರಯೋಗ ನಮ್ಮ ಬೆಂಗಳೂರಿನ ಹೆಸರನ್ನೇ ಹೊತ್ತಿದೆ. ಅದನ್ನು ಇಂಗ್ಲೆಂಡ್, ಜಪಾನಿನ ಶಿಕ್ಷಕರು ಓದುವಷ್ಟು ಸಾಗರ, ಹೊಸನಗರದ ಶಿಕ್ಷಕರು ಓದಿದಂತೆ ಕಾಣುವುದಿಲ್ಲ. ತಪ್ಪು ಅವರದಲ್ಲ, ಕನ್ನಡದಲ್ಲಿ ಅದರ ಬಗ್ಗೆ ಬರೆದವರೇ ವಿರಳ.

1979ರಿಂದ 1984ರವರೆಗೆ ನಡೆದ ಆ ‘ಬೆಂಗಳೂರು ಪ್ರಾಜೆಕ್ಟ್’ನ ಹಿಂದಿದ್ದವರು ಎನ್.ಎಸ್. ಪ್ರಭು. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಅವರು ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೊಡನೆ ಸೇರಿ ಕೆಲವೇ ಶಾಲೆಗಳಲ್ಲಿ ಇದನ್ನು ನಡೆಸಿದರು. ಆಗ ಚಾಲ್ತಿಯಲ್ಲಿದ್ದದ್ದು ರಚನಾ ವಿಧಾನ: ಒಂದೊಂದು ವಾಕ್ಯಮಾದರಿಯನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಒಂದನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ಗಟ್ಟಿಮಾಡಿ ಮುಂದಿನದಕ್ಕೆ ಹೋಗುವುದು. ತರಗತಿಯಲ್ಲಿ ಸರಿಯಾಗಿ ಹೇಳಿದ ಮಕ್ಕಳು ಹೊರಗೆ ಹೇಳಲಾರರು ಎಂಬ ಅತೃಪ್ತಿ ಆಗಲೇ ಇತ್ತು. ಪ್ರಭು ಮಾಡಿದ್ದೇನೆಂದರೆ ವ್ಯಾಕರಣದ ಪಾಠಪಟ್ಟಿಯನ್ನೇ ಕೈಬಿಟ್ಟದ್ದು. ಅದರ ಬದಲು ಮಕ್ಕಳ ಮುಂದೆ ಸಮಸ್ಯೆಗಳನ್ನಿಟ್ಟರು. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕು ಹೇಳಿ, ನಕ್ಷೆ ನೋಡಿ ದಾರಿ ಹೇಳಿ, ತರಗತಿಯ ವೇಳಾಪಟ್ಟಿ ಓದಿ ಲೆಕ್ಕ ಹಾಕಿ. ಶಿಕ್ಷಕರು ಮೊದಲು ಅಂಥದೇ ಒಂದು ಸಮಸ್ಯೆಯನ್ನು ಇಡೀ ತರಗತಿಯೊಂದಿಗೆ ಬಿಡಿಸುತ್ತಿದ್ದರು, ಆಮೇಲೆ ಮಕ್ಕಳು ಇನ್ನೊಂದನ್ನು ತಾವೇ ಬಿಡಿಸಬೇಕು. ಮನಸ್ಸು ಅರ್ಥದಲ್ಲಿ ತೊಡಗಿರುವಾಗಲೇ ವ್ಯಾಕರಣ ಒಳಗೊಳಗೆ ಕಟ್ಟಿಕೊಳ್ಳುತ್ತದೆ ಎಂಬುದು ಪ್ರಭು ಅವರ ನಂಬಿಕೆ; ಅವರ 1987ರ ಪುಸ್ತಕ ಇದನ್ನೇ ವಾದಿಸುತ್ತದೆ. ಇಂದು ಪ್ರಪಂಚದಾದ್ಯಂತ ಚಟುವಟಿಕೆ ಆಧಾರಿತ ಭಾಷಾಬೋಧನೆ ಎಂದು ಕರೆಯುವುದರ ಮೂಲಗಳಲ್ಲಿ ಇದೊಂದು.

ಫಲಿತಾಂಶ ಏನಾಯಿತು? ಅಲನ್ ಬೆರೆಟ್ಟಾ ಮತ್ತು ಅಲನ್ ಡೇವೀಸ್ ನಾಲ್ಕು ಶಾಲೆಗಳಲ್ಲಿ ಹೊಸ ವಿಧಾನದ ಮಕ್ಕಳನ್ನೂ ಹಳೆಯ ವಿಧಾನದ ಮಕ್ಕಳನ್ನೂ ಪರೀಕ್ಷಿಸಿ 1985ರಲ್ಲಿ ವರದಿ ಮಾಡಿದರು. ಚಟುವಟಿಕೆಯ ಪರೀಕ್ಷೆ, ಉಕ್ತಲೇಖನ, ಅರ್ಥಗ್ರಹಣ, ಸಂದರ್ಭದೊಳಗಿನ ವ್ಯಾಕರಣ ಇವುಗಳಲ್ಲಿ ಒಟ್ಟಾರೆ ಹೊಸ ವಿಧಾನದವರ ಕೈ ಮೇಲಾಯಿತು. ಬಿಡಿ ರಚನೆಗಳ ಪರೀಕ್ಷೆಯಲ್ಲಿ ಆ ಮೇಲುಗೈ ಉಳಿಯಲಿಲ್ಲ, ಹಳೆಯ ವಿಧಾನದವರು ತಮ್ಮ ನೆಲ ಬಿಟ್ಟುಕೊಡಲಿಲ್ಲ. ಇದನ್ನು ಪ್ರಭು ಅವರ ಗೆಲುವೆಂದು ಓದುವವರಿದ್ದಾರೆ. ಆದರೆ ಮಕ್ಕಳನ್ನು ಚೀಟಿಯೆತ್ತಿ ಹಂಚಿರಲಿಲ್ಲ, ಹೊಸ ವಿಧಾನಕ್ಕೆ ಬಂದ ಶಿಕ್ಷಕರು ಸಾಮಾನ್ಯರಿಗಿಂತ ಹೆಚ್ಚು ತರಬೇತಿ, ಹೆಚ್ಚು ಹುಮ್ಮಸ್ಸು ಇದ್ದವರು. ಹಾಗಾಗಿ ಗೆಲುವನ್ನು ಪೂರ್ತಿಯಾಗಿ ವಿಧಾನದ ಲೆಕ್ಕಕ್ಕೆ ಬರೆಯಲಾಗದು. ನನಗೆ ಮುಖ್ಯವೆನಿಸುವುದು ಬೇರೆಯೇ ಒಂದು ಅಂಶ: ಯಾರು ಯಾವುದನ್ನು ಅಭ್ಯಾಸ ಮಾಡಿದ್ದರೋ ಅಂಥ ಪರೀಕ್ಷೆಯಲ್ಲಿ ಅವರು ಚೆನ್ನಾಗಿ ಮಾಡಿದರು. ಹನ್ನೆರಡು ವರ್ಷದ ನಂತರ ಅಮೆರಿಕದಲ್ಲಿ ರಾಬರ್ಟ್ ಡಿಕೈಸರ್ ಪ್ರಯೋಗಕ್ಕೆಂದೇ ಕಟ್ಟಿದ ಕೃತಕ ಭಾಷೆಯೊಂದನ್ನು ಕಾಲೇಜು ವಿದ್ಯಾರ್ಥಿಗಳಿಗೆ ವಾರಗಟ್ಟಲೆ ಕಲಿಸಿ ಇದನ್ನೇ ಶುದ್ಧ ರೂಪದಲ್ಲಿ ತೋರಿಸಿದರು. ನಿಯಮ ಎಲ್ಲರಿಗೂ ಒಂದೇ. ಕೆಲವರಿಗೆ ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸ, ಕೆಲವರಿಗೆ ವಾಕ್ಯ ಕಟ್ಟುವ ಅಭ್ಯಾಸ. ಅಭ್ಯಾಸ ಮಾಡಿದ ದಿಕ್ಕಿನಲ್ಲಿ ವೇಗವೂ ನಿಖರತೆಯೂ ಬಂದವು, ಇನ್ನೊಂದು ದಿಕ್ಕಿಗೆ ದಾಟಿದ್ದು ಬಹಳ ಕಡಿಮೆ. ಬಿಟ್ಟ ಸ್ಥಳ ತುಂಬುವುದನ್ನು ಹತ್ತು ವರ್ಷ ಅಭ್ಯಾಸ ಮಾಡಿದವರಿಗೆ ಬಿಟ್ಟ ಸ್ಥಳ ತುಂಬುವುದು ಬರುತ್ತದೆ. ಅವರಿಗೆ ಪತ್ರ ಬರೆಯಲು ಬಾರದಿದ್ದರೆ ಅದು ದಡ್ಡತನವಲ್ಲ. ಪತ್ರ ಬರೆಯುವುದನ್ನು ಅವರು ಅಭ್ಯಾಸವೇ ಮಾಡಿಲ್ಲ, ಗೈಡಿನ ಪತ್ರವನ್ನು ಬಾಯಿಪಾಠ ಮಾಡಿದ್ದಾರೆ.

ತಾಳಮದ್ದಳೆ ಬಲ್ಲ ಮಲೆನಾಡಿನ ಈ ಸೀಮೆಯಲ್ಲಿ ಇದನ್ನು ವಿವರಿಸುವುದು ಕಷ್ಟವಾಗಬಾರದು. ಪ್ರಸಂಗದ ಪದ್ಯಗಳೆಲ್ಲ ಕಂಠಸ್ಥವಾದ ಮಾತ್ರಕ್ಕೆ ಯಾರೂ ಅರ್ಥಧಾರಿಯಾಗುವುದಿಲ್ಲ. ಎದುರಿನ ಪಾತ್ರ ಎಸೆದ ಮಾತಿಗೆ ಆ ಕ್ಷಣದಲ್ಲಿ ಉತ್ತರ ಕಟ್ಟುವುದನ್ನು ಕೂಟದಿಂದ ಕೂಟಕ್ಕೆ ಕೂತು ರೂಢಿಸಿಕೊಳ್ಳಬೇಕು. ಹಾಗೆಂದು ಪದ್ಯ ಗೊತ್ತಿಲ್ಲದವನೂ ಅರ್ಥ ಹೇಳಲಾರ. ಪ್ರಭು ಅವರೊಂದಿಗೆ ನನ್ನ ಭಿನ್ನಮತ ಇರುವುದು ಇಲ್ಲೇ. ಜಾನ್ ನಾರಿಸ್ ಮತ್ತು ಲೂರ್ದೆಸ್ ಒರ್ಟೇಗಾ 2000ದಲ್ಲಿ 49 ಅಧ್ಯಯನಗಳ ಅಂಕಿಗಳನ್ನು ಒಟ್ಟು ಹಾಕಿ ನೋಡಿದಾಗ, ನಿಯಮವನ್ನು ನೇರವಾಗಿ ಹೇಳಿಕೊಟ್ಟ ಬೋಧನೆ ಹೇಳಿಕೊಡದ ಬೋಧನೆಗಿಂತ ಹೆಚ್ಚು ಫಲ ಕೊಟ್ಟದ್ದು ಕಂಡಿತು. ಆ ಅಧ್ಯಯನಗಳಲ್ಲಿ ಬಹುಪಾಲು ಬಿಡಿ ಪ್ರಶ್ನೆಗಳ ಪರೀಕ್ಷೆಯನ್ನೇ ಬಳಸಿದ್ದವು, ಆದ್ದರಿಂದ ತಕ್ಕಡಿ ಸ್ವಲ್ಪ ವಾಲಿದೆ ಎಂದು ಅವರೇ ಎಚ್ಚರಿಸಿದರು. ವಾಲಿದ್ದನ್ನು ಸರಿಹೊಂದಿಸಿದರೂ ‘ನಿಯಮ ಹೇಳಲೇಬಾರದು’ ಎಂಬ ತೀರ್ಮಾನಕ್ಕೆ ಆಧಾರ ಸಿಗುವುದಿಲ್ಲ. ‘ನಿನ್ನೆ ಬಂದಿದ್ದೆ’ಯ ವ್ಯತ್ಯಾಸವನ್ನು ಕನ್ನಡದಲ್ಲೇ ಐದು ನಿಮಿಷ ಬಿಡಿಸಿ ಹೇಳಿದರೆ ಮಗು ವರ್ಷಗಟ್ಟಲೆ ಊಹಿಸುವುದು ತಪ್ಪುತ್ತದೆ. ನಿಯಮಕ್ಕೆ ಐದು ನಿಮಿಷ, ಬಳಕೆಗೆ ಐದು ವಾರ. ಈಗ ನಡೆಯುತ್ತಿರುವುದು ಇದರ ತಿರುಗುಮುರುಗು.

ಆ ಐದು ವಾರ ಹೇಗಿರಬೇಕು ಎಂಬುದರ ಬಗ್ಗೆ ನೆನಪಿನ ಸಂಶೋಧನೆಗೆ ಹೇಳಲು ಬಹಳವಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಗಂಟೆಗಳಲ್ಲೇ ಹೆಚ್ಚು ಮರೆಯುತ್ತದೆ, ಒಂದೇ ದಿನ ಹಲವು ಬಾರಿ ಉರುಹಾಕುವುದಕ್ಕಿಂತ ಅಷ್ಟೇ ಶ್ರಮವನ್ನು ಹಲವು ದಿನಗಳಿಗೆ ಹಂಚಿದರೆ ಹೆಚ್ಚು ನಿಲ್ಲುತ್ತದೆ ಎಂದು ಕಂಡುಕೊಂಡ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗ ಕೊಟ್ಟರು. ಕೆಲವರು ಅದನ್ನು ನಾಲ್ಕು ಸಲ ಓದಿದರು, ಕೆಲವರು ಒಮ್ಮೆ ಓದಿ ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ವಾರದ ನಂತರ ಅವರಿಗೆ ನೆನಪಿದ್ದದ್ದು ಶೇ. 40, ಬರೆದವರಿಗೆ ಶೇ. 61. ಇನ್ನೂ ಕುತೂಹಲದ್ದು ಕಲಬೆರಕೆ ಅಭ್ಯಾಸದ ಪ್ರಯೋಗ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಕೆಲವರಿಗೆ ಒಂದೊಂದು ಬಗೆ ಮುಗಿಸಿ ಮುಂದಿನದು ಎಂಬಂತೆ, ಕೆಲವರಿಗೆ ಎಲ್ಲ ಬಗೆ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲಿನವರು ಶೇ. 89 ಸರಿ, ಕಲಸಿ ಮಾಡಿದವರು ಶೇ. 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರು ಶೇ. 20, ಕಲಸಿದವರು ಶೇ. 63. ಗಣಿತದ್ದು ವ್ಯಾಕರಣಕ್ಕೆ ಅನ್ವಯಿಸುತ್ತದೆಯೇ ಎಂದು ಕೇಳುವುದು ನ್ಯಾಯವೇ. ತತ್ಸುಯಾ ನಕಾತಾ ಮತ್ತು ಯುಯಿಚಿ ಸುಝುಕಿ 2019ರಲ್ಲಿ ಜಪಾನಿನ ಕಾಲೇಜು ವಿದ್ಯಾರ್ಥಿಗಳಿಗೆ ಇಂಗ್ಲಿಷಿನ ಐದು ವ್ಯಾಕರಣ ರಚನೆಗಳನ್ನು ಕಲಿಸಿ ಇದನ್ನೇ ನೋಡಿದರು. ಅಲ್ಲೂ ಅಭ್ಯಾಸದ ವೇಳೆ ಕಲಸಿದವರು ಹೆಚ್ಚು ತಪ್ಪಿದರು, ವಾರದ ಬಳಿಕ ಅವರೇ ಮುಂದಿದ್ದರು.

ಈಗ ನಮ್ಮ ವ್ಯಾಕರಣ ಪುಸ್ತಕಗಳನ್ನು ಬಿಡಿಸಿ ನೋಡಿ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನೇತಾಡುವ ‘ಮೂವತ್ತು ದಿನದಲ್ಲಿ ಇಂಗ್ಲಿಷ್’ನಂಥವುಗಳಲ್ಲಿ ಬಹುಪಾಲು ಒಂದು ಅಧ್ಯಾಯಕ್ಕೆ ಒಂದು ಟೆನ್ಸ್. ‘ಪ್ರೆಸೆಂಟ್ ಪರ್ಫೆಕ್ಟ್’ ಎಂದು ತಲೆಬರಹ ಹಾಕಿ ಕೆಳಗೆ ಇಪ್ಪತ್ತು ವಾಕ್ಯ ಕೊಟ್ಟರೆ ಮಗುವಿಗೆ ಯೋಚಿಸುವ ಕೆಲಸವೇ ಉಳಿಯುವುದಿಲ್ಲ. ಇಪ್ಪತ್ತರಲ್ಲೂ ‘ಹ್ಯಾವ್’ ಅಥವಾ ‘ಹ್ಯಾಸ್’ ಸೇರಿಸಿದರಾಯಿತು. ನಿಜವಾದ ಕಷ್ಟವಿರುವುದು ರೂಪ ಕಟ್ಟುವುದರಲ್ಲಲ್ಲ, ಇಲ್ಲಿ ಯಾವ ರೂಪ ಬೇಕು ಎಂದು ಆರಿಸುವುದರಲ್ಲಿ. ತಲೆಬರಹವೇ ಆರಿಸಿಕೊಟ್ಟರೆ ಆರಿಸುವ ಅಭ್ಯಾಸ ಎಲ್ಲಿಂದ ಬರಬೇಕು? ಅದೇ ವಾಕ್ಯಗಳನ್ನು ಸಾದಾ ಭೂತಕಾಲದೊಂದಿಗೆ ಬೆರೆಸಿ, ಹತ್ತು ದಿನ ಬಿಟ್ಟು, ಮತ್ತೆ ಇಪ್ಪತ್ತು ದಿನ ಬಿಟ್ಟು ಕೊಟ್ಟರೆ ಖರ್ಚೇನೂ ಹೆಚ್ಚುವುದಿಲ್ಲ. ಆದರೂ ಯಾರೂ ಮಾಡುವುದಿಲ್ಲ, ಏಕೆಂದರೆ ತಪ್ಪು ಹೆಚ್ಚು ಕಾಣಿಸುತ್ತದೆ. ಶಿಕ್ಷಕರಿಗೆ ಪಾಠ ಹತ್ತಲಿಲ್ಲವೇನೋ ಎನಿಸುತ್ತದೆ, ಮಗುವಿಗೆ ತನಗೆ ಬರುವುದಿಲ್ಲ ಎನಿಸುತ್ತದೆ, ಟ್ಯೂಷನ್ ಫೀಸು ಕೊಟ್ಟ ಪೋಷಕರಿಗೆ ದುಡ್ಡು ದಂಡವಾಯಿತು ಎನಿಸುತ್ತದೆ. ಸುಲಲಿತವಾಗಿ ಸಾಗಿದ ಅಭ್ಯಾಸ ಬೇಗ ಮರೆಯುತ್ತದೆ, ಎಡವಿ ಸಾಗಿದ್ದು ನಿಲ್ಲುತ್ತದೆ ಎಂಬುದನ್ನು ಒಪ್ಪಲು ಅಂಕಿ ಸಾಲುವುದಿಲ್ಲ, ಧೈರ್ಯವೂ ಬೇಕು.

ಹಿಂದಿನವರು ಇದೇ ವ್ಯಾಕರಣ, ಇದೇ ಉರುಹಾಕುವಿಕೆಯಿಂದಲೇ ಅಚ್ಚುಕಟ್ಟಾದ ಇಂಗ್ಲಿಷ್ ಕಲಿಯಲಿಲ್ಲವೇ ಎಂಬ ಆಕ್ಷೇಪವನ್ನು ತೀರ್ಥಹಳ್ಳಿ ತಾಲೂಕಿನಲ್ಲಿ ಎದುರಿಸುವುದು ಸುಲಭವಲ್ಲ. ಕುಪ್ಪಳಿಯ ಕುವೆಂಪು ಅವರ ಮೊದಲ ಸಂಕಲನ 1922ರಲ್ಲಿ ಬಂದದ್ದು ಇಂಗ್ಲಿಷಿನಲ್ಲಿ. ಮೇಳಿಗೆಯ ಅನಂತಮೂರ್ತಿ ಇಂಗ್ಲಿಷ್ ಅಧ್ಯಾಪಕರಾಗಿ, 1966ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಡಾಕ್ಟರೇಟ್ ತಂದರು. ಆದರೆ ಅವರೆಲ್ಲ ಹೊಟ್ಟೆಬಾಕರಂತೆ ಓದಿದವರು ಎಂಬುದನ್ನು ಮರೆತು ಶ್ರೇಯಸ್ಸನ್ನೆಲ್ಲ ವ್ಯಾಕರಣ ಪುಸ್ತಕಕ್ಕೆ ಕೊಡುವುದು ಸರಿಯಲ್ಲ. ಅದೇ ಬೆಂಚಿನಲ್ಲಿ ಕೂತು, ಇಂಗ್ಲಿಷಿನಲ್ಲಿ ಫೇಲಾಗಿ, ತೋಟಕ್ಕೆ ಮರಳಿದವರ ಸಂಖ್ಯೆಯನ್ನು ಈ ವಾದ ಎಣಿಸುವುದೂ ಇಲ್ಲ.

ಎದುರು ದಿಕ್ಕಿನ ಆಕ್ಷೇಪ ಇನ್ನೂ ಬಲವಾದದ್ದು: ವ್ಯಾಕರಣವೇ ಬೇಡ, ಭಾಷೆಯಲ್ಲಿ ಮುಳುಗಿಸಿ ಸಾಕು. ಸ್ಟೀಫನ್ ಕ್ರಾಶೆನ್ 1980ರ ದಶಕದ ಆರಂಭದಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. ಅರ್ಥವಾಗುವ ಭಾಷೆ ಸಾಕಷ್ಟು ಕಿವಿಗೆ, ಕಣ್ಣಿಗೆ ಬಿದ್ದರೆ ವ್ಯಾಕರಣ ತಾನಾಗಿ ಬರುತ್ತದೆ ಎಂಬುದು ಅದರ ತಿರುಳು. ಇಂಗ್ಲಿಷ್ ಮಾಧ್ಯಮದ ಮೋಹದ ಹಿಂದೆ ಇರುವುದೂ, ಸಿದ್ಧಾಂತದ ಹೆಸರು ಕೇಳದಿದ್ದರೂ, ಇದೇ ನಂಬಿಕೆ. ಕೆನಡಾದಲ್ಲಿ ಇದಕ್ಕೆ ದೊಡ್ಡ ಪರೀಕ್ಷೆ ನಡೆಯಿತು. 1965ರಿಂದ ಅಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಪಾಠಗಳನ್ನು ಫ್ರೆಂಚಿನಲ್ಲಿ ಹೇಳುವ ಶಾಲೆಗಳು ಬಂದವು. ವರ್ಷಗಳ ನಂತರ ಆ ಮಕ್ಕಳು ಫ್ರೆಂಚ್ ಕೇಳಿ, ಓದಿ ಅರ್ಥಮಾಡಿಕೊಳ್ಳುವುದರಲ್ಲಿ ಫ್ರೆಂಚ್ ಮಕ್ಕಳ ಹತ್ತಿರ ಬಂದರು, ಆದರೆ ಅವರ ಮಾತು, ಬರಹದಲ್ಲಿ ವ್ಯಾಕರಣದ ತಪ್ಪು ಉಳಿದೇ ಇತ್ತು. ಅವರು ಕೇಳಿದ್ದು ಬಹಳ, ಹೇಳಲೇಬೇಕಾದ ಒತ್ತಡ ಕಡಿಮೆ ಎಂದು ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದರು. ಅಲ್ಲಿನ ಶಿಕ್ಷಕರಿಗೆ ಫ್ರೆಂಚ್ ಸಲೀಸಾಗಿ ಬರುತ್ತಿತ್ತು. ಇಲ್ಲಿ ಬೋರ್ಡಿನಲ್ಲಿ ಇಂಗ್ಲಿಷ್ ಮೀಡಿಯಂ ಎಂದಿದ್ದು, ವಿವರಣೆ ಕನ್ನಡದಲ್ಲಿ, ನೋಟ್ಸು ಇಂಗ್ಲಿಷಿನಲ್ಲಿ ನಡೆಯುವ ತರಗತಿ ಅದಕ್ಕಿಂತ ಹೆಚ್ಚಿನದನ್ನು ಕೊಟ್ಟೀತೆಂದು ನಂಬಲು ಕಾರಣವಿಲ್ಲ. ಆದರೆ ಕ್ರಾಶೆನ್ ಅವರ ಮಾತಿನ ಅರ್ಧ ನಿಜ, ಆ ಅರ್ಧ ಹಳ್ಳಿಗೆ ಬಹಳ ಬೇಕಾದದ್ದು. ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಫಿಜಿ ದ್ವೀಪಗಳ ಎಂಟು ಹಳ್ಳಿಶಾಲೆಗಳಿಗೆ 250ರಷ್ಟು ಚಿತ್ರವತ್ತಾದ ಇಂಗ್ಲಿಷ್ ಕಥೆಪುಸ್ತಕಗಳನ್ನು ಕೊಟ್ಟು ನೋಡಿದ ಪ್ರಯೋಗ 1983ರಲ್ಲಿ ಪ್ರಕಟವಾಯಿತು. ಆ ಮಕ್ಕಳ ಓದು ಮಾಮೂಲಿನ ಎರಡರಷ್ಟು ವೇಗದಲ್ಲಿ ಬೆಳೆಯಿತು, ಎರಡನೇ ವರ್ಷಕ್ಕೆ ಲಾಭ ಬರವಣಿಗೆಗೂ ಹರಡಿತು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕ ಇಂಥ ಪುಸ್ತಕಗಳೂ ಇರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಡ.

ತಿದ್ದುವುದರ ವಿಷಯದಲ್ಲಿ ಸಂಶೋಧಕರೇ ಜಗಳವಾಡಿದ್ದಾರೆ. ಬರಹದಲ್ಲಿನ ವ್ಯಾಕರಣ ತಿದ್ದುವುದು ವ್ಯರ್ಥ, ಕೆಲವೊಮ್ಮೆ ಕೆಡುಕು ಎಂದು ಜಾನ್ ಟ್ರಸ್ಕಾಟ್ 1996ರಲ್ಲಿ ಬರೆದಾಗ ಡೇನಾ ಫೆರಿಸ್ ಎದುರುತ್ತರ ಕೊಟ್ಟರು. ನ್ಯೂಜಿಲೆಂಡಿನ ಜಾನ್ ಬಿಚನರ್ ಮುಂತಾದವರು ಮುಂದೆ ತೋರಿಸಿದಂತೆ, ಒಂದೇ ಬಗೆಯ ತಪ್ಪನ್ನು, ಅವರ ಪ್ರಯೋಗದಲ್ಲಿ ‘ಎ’ ಮತ್ತು ‘ದಿ’ಗಳನ್ನು ಮಾತ್ರ, ಹಿಡಿದು ತಿದ್ದಿದರೆ ಫಲ ತಿಂಗಳುಗಟ್ಟಲೆ ನಿಲ್ಲುತ್ತದೆ. ಟ್ರಸ್ಕಾಟ್ ವಿರೋಧಿಸಿದ್ದು ಎಲ್ಲ ಬಗೆಯ ವ್ಯಾಕರಣ ತಿದ್ದುವಿಕೆಯನ್ನು. ಪುಟವನ್ನೆಲ್ಲ ಕೆಂಪು ಮಾಡುವ ತಿದ್ದುವಿಕೆಗೆ ಅವರ ಮಾತು ಬಹುಶಃ ಹೆಚ್ಚು ಅನ್ವಯಿಸುತ್ತದೆ. ಮಾತಿನಲ್ಲಿ ತಿದ್ದುವುದಕ್ಕೂ ಇಂಥದೇ ಸೂಕ್ಷ್ಮವಿದೆ. ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ಕೆನಡಾದ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಅರ್ಧಕ್ಕಿಂತ ಹೆಚ್ಚು ಸಲ ಮಾಡುತ್ತಿದ್ದದ್ದು ಮಗುವಿನ ತಪ್ಪು ವಾಕ್ಯವನ್ನು ತಾವೇ ಸರಿಯಾಗಿ ಹೇಳಿ ಮುಂದುವರಿಯುವುದು. ಬಹಳಷ್ಟು ಸಲ ಮಕ್ಕಳು ಅದನ್ನು ತಿದ್ದುವಿಕೆಯೆಂದು ಗ್ರಹಿಸಿದಂತೆ ಕಾಣುತ್ತಿರಲಿಲ್ಲ. ‘ಇನ್ನೊಮ್ಮೆ ಹೇಳು ನೋಡೋಣ’ ಎಂದು ತಡೆದಾಗ ಮಾತ್ರ ಅವರು ತಾವೇ ತಿದ್ದಿಕೊಂಡರು.

ಈ ಸಾಕ್ಷ್ಯಕ್ಕೆ ಮಿತಿಯಿದೆ. ಬಹುಪಾಲು ಪ್ರಯೋಗಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ, ಕೆಲವೇ ವಾರ ನಡೆದವು. ಇಂಗ್ಲಿಷ್ ಕಿವಿಗೇ ಬೀಳದ ಊರಿನಲ್ಲಿ, ಮನೆಗಳು ಗುಡ್ಡಕ್ಕೊಂದು ಕಣಿವೆಗೊಂದು ಚದುರಿರುವ, ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಕೂರುವ ಶಾಲೆಯಲ್ಲಿ ಅವೆಲ್ಲ ಹೀಗೇ ನಡೆದಾವೆಂದು ಯಾರೂ ಖಾತ್ರಿ ಕೊಡಲಾರರು. ಪ್ರಭು ಅವರೇ 1990ರ ಲೇಖನವೊಂದರಲ್ಲಿ ಅತ್ಯುತ್ತಮ ವಿಧಾನವೆಂಬುದೇ ಇಲ್ಲ, ತಾನು ಮಾಡುತ್ತಿರುವುದರಿಂದ ಕಲಿಕೆ ಹೇಗೆ ಆಗುತ್ತದೆ ಎಂಬ ಬಗ್ಗೆ ಶಿಕ್ಷಕರಿಗೆ ಜೀವಂತ ನಂಬಿಕೆ ಇರಬೇಕು ಎಂದರು. ಆದರೆ ಚಿಕ್ಕ ಶಾಲೆ ಈ ಕೆಲಸಕ್ಕೆ ಅನನುಕೂಲ ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರಿಂದಲೂ ದಿನಕ್ಕೊಂದು ವಾಕ್ಯ ಹೊರಡಿಸಬಹುದು, ಅರವತ್ತರ ತರಗತಿಯಲ್ಲಿ ಆಗದು. ಸಾಮಗ್ರಿಯೂ ಮನೆಬಾಗಿಲಲ್ಲಿದೆ. ಮಳೆಗಾಲದಲ್ಲಿ ಪತ್ರಿಕೆಗಳು ಲಿಂಗನಮಕ್ಕಿ ಜಲಾಶಯದ ನೀರಿನ ಮಟ್ಟ ಪ್ರಕಟಿಸುತ್ತವೆ: ಗರಿಷ್ಠ 1819 ಅಡಿ, ಇಂದು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಅರಳಸುರಳಿಯಂಥ ಹಳ್ಳಿಯ ಮಗು ಆ ಮೂರು ಸಂಖ್ಯೆ ನೋಡಿ ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆಯಲು ಕೂತರೆ ಸಾದಾ ಭೂತಕಾಲವೂ ‘ಪ್ರೆಸೆಂಟ್ ಪರ್ಫೆಕ್ಟ್’ ಕೂಡ ತಲೆಬರಹದ ಅಪ್ಪಣೆಯಿಲ್ಲದೆ ತಾವಾಗಿ ಬೇಕಾಗುತ್ತವೆ. ಕಳೆದ ವರ್ಷ ಇಷ್ಟಿತ್ತು, ಸೋಮವಾರದಿಂದ ಎರಡು ಅಡಿ ಏರಿದೆ, ತುಂಬಲು ಇನ್ನೂ ಇಷ್ಟು ಬೇಕು. ಪ್ರಭು ಅವರ ರೈಲ್ವೆ ವೇಳಾಪಟ್ಟಿ ಮಾಡಿದ ಕೆಲಸವನ್ನೇ ಇದು ಮಾಡುತ್ತದೆ, ಜೊತೆಗೆ ಮರುದಿನ ಸಂಖ್ಯೆ ಬದಲಾಗುವುದರಿಂದ ಅಂತರ ಬಿಟ್ಟ ಪುನರಭ್ಯಾಸವೂ ತಾನಾಗಿ ಸಿಗುತ್ತದೆ.

ಶಾಲೆ ದಾಟಿದವರಿಗೆ, ಬ್ಯಾಂಕ್ ಪರೀಕ್ಷೆಗೆ ಕೂರುವವರಿಗೆ ಅಥವಾ ಬೆಂಗಳೂರಿನ ಕಂಪನಿಗೆ ಇಮೇಲ್ ಬರೆಯಬೇಕಾದವರಿಗೆ, ಶಿಕ್ಷಕರಿಲ್ಲದೆಯೂ ಇದು ಸಾಧ್ಯ. ಹೊಸ ವ್ಯಾಕರಣ ಪುಸ್ತಕ ಕೊಳ್ಳುವ ಬದಲು ತಾವೇ ಬರೆದ ಪತ್ರಗಳಲ್ಲಿ ಪದೇ ಪದೇ ಬರುವ ಒಂದು ತಪ್ಪನ್ನು ಹುಡುಕಬೇಕು. ಫೋನಿನ ಆ್ಯಪ್ ಅದನ್ನು ತಿದ್ದಿಕೊಟ್ಟರೆ ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಮೂಲ ವಾಕ್ಯದ ಅರ್ಥವನ್ನು ನೋಟ್‌ಬುಕ್ಕಿನ ಎಡಪುಟದಲ್ಲಿ ಕನ್ನಡದಲ್ಲೂ, ಸರಿಯಾದದ್ದನ್ನು ಬಲಪುಟದಲ್ಲಿ ಇಂಗ್ಲಿಷಿನಲ್ಲೂ ಬರೆದಿಡಬೇಕು. ಮೂರು ದಿನ ಬಿಟ್ಟು ಬಲಪುಟ ಮುಚ್ಚಿಕೊಂಡು, ಕನ್ನಡ ನೋಡಿ, ಇಂಗ್ಲಿಷ್ ವಾಕ್ಯವನ್ನು ಮತ್ತೆ ಕಟ್ಟಬೇಕು. ತಪ್ಪಿದ್ದಕ್ಕೆ ಗುರುತು ಹಾಕಿ ಮುಂದಿನ ವಾರಕ್ಕೆ ಇಡಬೇಕು. ಹಳೆಯ ತಪ್ಪು ಹೊಸ ತಪ್ಪು ಬೆರೆತೇ ಇರಲಿ, ಟೆನ್ಸ್‌ವಾರು ವಿಂಗಡಿಸಬಾರದು. ಒಂದು ತಪ್ಪು ಸತತವಾಗಿ ಬರದಂತಾದ ಮೇಲೆ ಮಾತ್ರ ಇನ್ನೊಂದಕ್ಕೆ ಹೋಗಬೇಕು, ‘ಎಸ್’ ಪ್ರತ್ಯಯವನ್ನು ಕೊನೆಗೆ ಇಟ್ಟುಕೊಂಡರೂ ನಷ್ಟವಿಲ್ಲ.